ಎದುರುಗಾಳಿಯ ಸರದಿ

'ನಿವೃತ್ತಿ' ಎಂಬುದು ನಮ್ಮ ಶಾಸ್ತ್ರಗ್ರಂಥಗಳಲ್ಲಿ ಬಹಳ ತೂಕವುಳ್ಳ ಮಾತು. ಪ್ರವೃತ್ತಿಯೆಂದರೆ ಲೋಕವ್ಯವಹಾರದ ಕಡೆಗೆ ಮುಖಮಾಡಿ ನಡೆಯುವುದು. ನಿವೃತ್ತಿಯೆಂದರೆ ಅಲ್ಲಿಂದ ಹಿಂದಿರುಗುವುದು. ಇಂದು ಈ ಪದ ಶಾಸ್ತ್ರದಿಂದ ಇಳಿದು ಖಜಾನೆಯ ಕಾಗದಪತ್ರಗಳಲ್ಲಿ ನೆಲೆಸಿದೆ. ಅರವತ್ತು ತುಂಬಿದ ದಿನ ಒಂದು ಶಾಲು, ಒಂದು ಹಾರ, ಫಲತಾಂಬೂಲ, ನಾಲ್ಕು ಜನರ ಭಾಷಣ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಹೋಗಬೇಕಾದ ಸ್ಥಳವಿಲ್ಲ. ಇದು ದೊಡ್ಡ ಬದಲಾವಣೆಯೇ ಸರಿ. ಈ ಕುರಿತು ಬೇಕಾದಷ್ಟು ಲೇಖನಗಳು ಬಂದಿವೆ, ಉಪನ್ಯಾಸಗಳು ನಡೆದಿವೆ. ಆದರೆ ಒಂದು ಸಂಗತಿಯನ್ನು ಅಂಥ ಸಮಾರಂಭಗಳಲ್ಲಿ ಯಾರೂ ಎತ್ತುವುದಿಲ್ಲ. ನಿವೃತ್ತಿಯ ಆದೇಶ ಬರುವುದು ನೌಕರಿ ಮಾಡಿದವರ ಹೆಸರಿಗೆ. ಅಡುಗೆಮನೆಯ ಹೆಸರಿಗೆ ಅಂಥ ಆದೇಶ ಬಂದುದನ್ನು ನಾನು ಕಂಡಿಲ್ಲ, ಕೇಳಿಯೂ ಇಲ್ಲ. ಗಂಡ ನಿವೃತ್ತನಾದ ದಿನದಿಂದ ಹೆಂಡತಿಗೆ ಮಧ್ಯಾಹ್ನದ ಬಿಸಿ ರೊಟ್ಟಿಯ ಕೆಲಸವೊಂದು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆಕೆಯೂ ನೌಕರಿ ಮಾಡಿ ನಿವೃತ್ತಳಾಗಿದ್ದರೆ ಎರಡು ಕೆಲಸಗಳಲ್ಲಿ ಒಂದು ಮುಗಿದಿರುತ್ತದೆ, ಅಷ್ಟೆ.

2024ರ ಜನವರಿಯಲ್ಲಿ, ಸಂಕ್ರಮಣ ಮುಗಿದ ಮೇಲೆ, ನಾವು ದಂಪತಿಗಳು ಧಾರವಾಡದಿಂದ ಕೂಡಲಸಂಗಮದವರೆಗೆ ಸೈಕಲ್ಲಿನ ಮೇಲೆ ಆರು ದಿನಗಳ ಪ್ರವಾಸ ಮಾಡಿದೆವು. ಆಗ ನನಗೆ ಅರವತ್ತೈದು, ನನ್ನ ಶ್ರೀಮತಿಯವರಿಗೆ ಅರವತ್ತು. ಸಾಗಿದ ದಾರಿ ಸುಮಾರು 180 ಕಿಲೋಮೀಟರು. ಇಂದಿನ ಹುಡುಗರು ಒಂದೇ ದಿನದಲ್ಲಿ ಮುಗಿಸಬಲ್ಲ ದೂರ ಅದು. ಆದ್ದರಿಂದ ಸಾಹಸದ ಕಥೆಯನ್ನು ಹೇಳಲು ನಾನಿಲ್ಲಿ ಕುಳಿತಿಲ್ಲ. ಆ ಆರು ದಿನಗಳಲ್ಲಿ ಸಂಸಾರದ ಬಗೆಗೆ ಹೊಳೆದ ಒಂದು ವಿಚಾರವನ್ನು ಓದುಗ ಬಂಧುಗಳ ಮುಂದಿಡಬೇಕೆಂಬುದಷ್ಟೇ ಉದ್ದೇಶ.

ನನ್ನ ವಿದ್ಯಾಭ್ಯಾಸವಾದದ್ದು ಮಠದ ಪ್ರಸಾದನಿಲಯದಲ್ಲಿ. ಬೆಳಿಗ್ಗೆ ಸಂಸ್ಕೃತ ಪಾಠ, ಆಮೇಲೆ ಹೈಸ್ಕೂಲು, ಸಂಜೆ ವಚನ ಪಠಣ. ಮಠದ ಕಾರ್ಯಗಳಿಗಾಗಿ ಒಂದು ಹಳೆಯ ಸೈಕಲ್ಲಿತ್ತು. ಸೀಟಿಗೆ ಕಾಲು ಎಟುಕದ ವಯಸ್ಸಿನಲ್ಲಿ ಚೌಕಟ್ಟಿನ ನಡುವೆ ಕಾಲು ತೂರಿಸಿ ಅದನ್ನು ತುಳಿಯಲು ಕಲಿತೆವು. ಯಾವ ದಿನ ಯಾರು ಸಂತೆಗೆ ಹೋಗಬೇಕು, ಯಾರು ಕಾಯಿಪಲ್ಯ ಹೆಚ್ಚಬೇಕು, ಯಾರು ಪಂಕ್ತಿಯಲ್ಲಿ ಬಡಿಸಬೇಕು ಎಂಬುದಕ್ಕೆಲ್ಲ ಅಲ್ಲಿ ಸರದಿಯಿತ್ತು. ಸರದಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದರೆ ಮುಗಿಯಿತು. ಶ್ರೀಮಂತರ ಮಗನೆಂದಾಗಲಿ ಬಡವರ ಮಗನೆಂದಾಗಲಿ ವಿನಾಯಿತಿ ಇರಲಿಲ್ಲ. ಈ 'ಸರದಿ' ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದು ಮತ್ತೆ ಬರುತ್ತದೆ.

ಶ್ರೀಮತಿಯವರು ಬಾಲ್ಯದಲ್ಲಿ ತಮ್ಮ ಅಣ್ಣನ ಸೈಕಲ್ಲನ್ನು ಕೆಲವು ತಿಂಗಳು ತುಳಿದಿದ್ದರಂತೆ. ಹನ್ನೆರಡು ವರ್ಷ ತುಂಬುತ್ತಲೇ ಮನೆಯ ಹಿರಿಯರು ಸಾಕೆಂದರು, ಅಲ್ಲಿಗೆ ನಿಂತಿತು. 1986ರಲ್ಲಿ ನಮ್ಮ ವಿವಾಹವಾಯಿತು. ಆ ಕಾಲದ ಅನೇಕ ದಂಪತಿಗಳಂತೆ ನಾವೂ ಜಾತ್ರೆ, ಪೇಟೆ, ಬೀಗರ ಮನೆ ಎಂದು ಒಂದೇ ಸೈಕಲ್ಲಿನಲ್ಲಿ ಓಡಾಡಿದೆವು. ನಾನು ತುಳಿಯುವುದು, ಅವರು ಹಿಂದೆ ಕ್ಯಾರಿಯರಿನ ಮೇಲೆ ಒಂದೇ ಬದಿಗೆ ಕಾಲುಬಿಟ್ಟು ಕೂರುವುದು. ಅದು ಪ್ರೀತಿಯ ಪಯಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರ ರಚನೆಯನ್ನು ಗಮನಿಸಬೇಕು. ತುಳಿಯುವವನಿಗೆ ಹಿಂದೆ ಕುಳಿತವಳ ಮುಖ ಕಾಣದು. ಹಿಂದೆ ಕುಳಿತವಳಿಗೆ ಮುಂದಿನ ದಾರಿ ಕಾಣದು. ಪ್ರವಾಸದ ಸಿದ್ಧತೆ ನಡೆದಾಗ ಅವರೇ ಒಮ್ಮೆ ನಗುತ್ತ ಹೇಳಿದರು: "ಆವಾಗ ನಾ ಧಾರವಾಡ ಎಲ್ಲಿ ನೋಡೀನ್ರಿ? ನಿಮ್ಮ ಅಂಗಿ ಬೆನ್ನ ನೋಡಕೋತ ಹೋಗೀನಿ."

ಮೊಣಕಾಲಿನ ನೋವು ಈ ಪ್ರವಾಸಕ್ಕೆ ಮೂಲಕಾರಣ. ಮೆಟ್ಟಿಲು ಹತ್ತಿಳಿಯುವುದು ಅವರಿಗೆ ಕಷ್ಟವಾಗುತ್ತ ಬಂದಾಗ, ವೈದ್ಯರು ಪರೀಕ್ಷಿಸಿ, ಸವೆತ ಆರಂಭದ ಹಂತದಲ್ಲಿದೆ, ತೊಡೆಯ ಸ್ನಾಯುಗಳನ್ನು ಬಲಪಡಿಸಿದರೆ ಮೊಣಕಾಲಿಗೆ ಆಸರೆಯಾಗುತ್ತದೆ, ಸೈಕಲ್ ತುಳಿಯುವುದು ಒಳ್ಳೆಯದು ಎಂದರು. ನಡೆಯುವಾಗ ದೇಹದ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಸೈಕಲ್ಲಿನಲ್ಲಿ ಆ ಭಾರದ ಬಹುಪಾಲನ್ನು ಸೀಟು ಹೊರುತ್ತದೆ. ಆದರೆ ಸೀಟಿನ ಎತ್ತರ ಸರಿಯಿರಬೇಕು. ಪೆಡಲು ಕೆಳಗಿಳಿದಾಗ ಕಾಲು ಬಹುತೇಕ ನೇರವಾಗಿ, ಮೊಣಕಾಲಿನಲ್ಲಿ ಸ್ವಲ್ಪವೇ ಬಾಗು ಉಳಿಯಬೇಕು. ಭಯದಿಂದ ಸೀಟನ್ನು ತೀರ ಕೆಳಗಿಳಿಸಿಕೊಂಡು ತುಳಿದರೆ ಇದ್ದ ನೋವು ಹೆಚ್ಚಾಗುತ್ತದೆ. ನೆರೆಮನೆಯ ಹುಡುಗಿಯೊಬ್ಬಳಿಗೆ ಶಾಲೆಯಲ್ಲಿ ಕೊಟ್ಟ ಸೈಕಲ್ಲೊಂದಿತ್ತು. ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ವಿತರಿಸುವ ಯೋಜನೆಯನ್ನು ನಮ್ಮ ರಾಜ್ಯ ಸರಕಾರ 2006–07ರಲ್ಲಿ ಆರಂಭಿಸಿತ್ತು. ಆ ಸೈಕಲ್ಲಿನ ಮೇಲೆಯೇ ನಮ್ಮ ಬಡಾವಣೆಯ ಮೈದಾನದಲ್ಲಿ ಶ್ರೀಮತಿಯವರು ಅಭ್ಯಾಸ ಶುರುಮಾಡಿದರು. ನಲವತ್ತೇಳು ವರ್ಷ ಬಿಟ್ಟಿದ್ದ ವಿದ್ಯೆ ಮೂರೇ ದಿನಗಳಲ್ಲಿ ಮರಳಿತು. ಕಲಿತ ಈಜು, ಕಲಿತ ಸೈಕಲ್ಲು ಮರೆಯುವುದಿಲ್ಲವೆಂಬ ಮಾತು ಸುಳ್ಳಲ್ಲ.

ಜನ ನೋಡಿದರು, ಕೆಲವರು ನಕ್ಕರು. ಬಂಧುಗಳಲ್ಲೊಬ್ಬರು "ಈ ವಯಸ್ಸಿನ್ಯಾಗ ಇದೇನು ಹೊಸಾ ಆಟ?" ಎಂದು ಕೇಳಿದರು. ಆಗ ನನಗೆ ಎರಡು ಸಂಗತಿಗಳು ನೆನಪಾದವು. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಅಂಗವಾಗಿ ಸಾವಿರಾರು ಗ್ರಾಮೀಣ ಮಹಿಳೆಯರು ಸೈಕಲ್ ಕಲಿತರು. ಕೃಷಿಕೂಲಿಗಳು, ಕಲ್ಲುಗಣಿಯ ಕೆಲಸದವರು, ಅಂಗನವಾಡಿಯವರು ಎಲ್ಲರೂ ಅವರಲ್ಲಿದ್ದರು. ಆಗ ಅಲ್ಲಿ ಜಿಲ್ಲಾಧಿಕಾರಿಯಾಗಿದ್ದವರು ಶೀಲಾರಾಣಿ ಚುಂಕತ್. ಅಕ್ಷರ ಕಲಿತವಳು ಓದಬಲ್ಲಳು, ಸೈಕಲ್ ಕಲಿತವಳು ಯಾರಿಗೂ ಕಾಯದೆ ಹೋಗಬಲ್ಲಳು ಎಂಬುದು ಅಲ್ಲಿ ಕಂಡುಬಂದ ಸತ್ಯ.

ಎರಡನೆಯದು ಇನ್ನೂ ಹಳೆಯದು. ಅಮೆರಿಕದ ವಿಲಿಯಂ ಹಂಟರ್ ವರ್ಕ್‌ಮನ್ ಎಂಬ ವೈದ್ಯರು ಅನಾರೋಗ್ಯದ ಕಾರಣ ವೃತ್ತಿಯಿಂದ ನಿವೃತ್ತರಾದರು. ಅವರ ಪತ್ನಿ ಫ್ಯಾನಿ ಬುಲ್ಲಕ್ ವರ್ಕ್‌ಮನ್. ಈ ದಂಪತಿಗಳು ಅಲ್ಜೀರಿಯ, ಸ್ಪೇನ್ ದೇಶಗಳನ್ನು ಸೈಕಲ್ಲಿನ ಮೇಲೆ ಸುತ್ತಿದರು. 1897ರಲ್ಲಿ ಹೊರಟು ಸಿಂಹಳ, ಭಾರತಗಳಿಗೆ ಬಂದರು. ಆಗ ಪತಿಗೆ ಐವತ್ತು, ಪತ್ನಿಗೆ ಮೂವತ್ತೆಂಟು. ನಮ್ಮ ದೇಶದ ದೇವಾಲಯಗಳನ್ನೂ ಜನರನ್ನೂ ನೋಡುತ್ತ ಸಾಗಿದ ಆ ಪ್ರವಾಸದ ವೃತ್ತಾಂತವನ್ನು 1904ರಲ್ಲಿ ಇಬ್ಬರೂ ಸೇರಿ ಪುಸ್ತಕವಾಗಿ ಪ್ರಕಟಿಸಿದರು. ಹದಿನಾಲ್ಕು ಸಾವಿರ ಮೈಲಿ ಎಂದು ಅದರ ಹೆಸರಿನಲ್ಲಿಯೇ ಇದೆ. ಮುಂದೆ ಇವರು ಹಿಮಾಲಯದ ಹಿಮನದಿಗಳ ಶೋಧಕ್ಕೆ ತೊಡಗಿದಾಗ ಒಂದು ಪದ್ಧತಿಯನ್ನಿಟ್ಟುಕೊಂಡಿದ್ದರು. ಒಂದು ವರ್ಷ ಪ್ರವಾಸದ ಏರ್ಪಾಟೆಲ್ಲ ಪತ್ನಿಯದು, ಮತ್ತೊಂದು ವರ್ಷ ಪತಿಯದು. ನೋಡಿ, ಇಲ್ಲಿಯೂ ಸರದಿ.

ಸಿದ್ಧತೆಗೆ ನಾವು ಮೂರು ತಿಂಗಳು ತೆಗೆದುಕೊಂಡೆವು. ಮೊದಲು ದಿನಕ್ಕೆ ಐದು ಕಿಲೋಮೀಟರು, ಆಮೇಲೆ ಹತ್ತು, ಆಮೇಲೆ ವಾರಕ್ಕೊಮ್ಮೆ ಇಪ್ಪತ್ತೈದು. ಇಬ್ಬರದೂ ಸಾಧಾರಣ ಸೈಕಲ್ಲು; ಅವರದು ನಡುವೆ ಅಡ್ಡಕೊಳವೆ ಇಲ್ಲದ ಹೆಂಗಸರ ಸೈಕಲ್ಲು. ಪಂಪು, ಎರಡು ಟ್ಯೂಬು, ಸಲ್ಯೂಷನ್, ಒಂದಿಷ್ಟು ರಬ್ಬರ್ ತುಂಡು, ಉಪ್ಪು ಸಕ್ಕರೆ, ಎರಡೆರಡು ಜೊತೆ ಬಟ್ಟೆ, ಇಷ್ಟಲಿಂಗ ಪೂಜೆಯ ಪರಿಕರ, ಇಷ್ಟೇ ಸಾಮಾನು. ಅವರು ಸೀರೆಯ ಬದಲು ಚೂಡಿದಾರ ಹಾಕಿದರು. ಬೆಂಗಳೂರಿನಲ್ಲಿರುವ ಮಗ ಕಾರು ಮಾಡಿಕೊಡುತ್ತೇನೆಂದು ಹಟ ಹಿಡಿದ. ದಿನಕ್ಕೆರಡು ಸಲ ಫೋನು ಮಾಡುತ್ತೇವೆಂಬ ಕರಾರಿನ ಮೇಲೆ ಒಪ್ಪಿದ.

ಸೈಕಲ್ಲಿನ ಯಂತ್ರವಿದ್ಯೆಯ ಬಗೆಗೆ ಎರಡು ಮಾತು ಹೇಳಬೇಕು. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಮಾಡಿದ ಎರಡು ಗಾಲಿಯ ಬಂಡಿಗೆ ಪೆಡಲೇ ಇರಲಿಲ್ಲ, ನೆಲವನ್ನು ಒದ್ದುಕೊಂಡು ಹೋಗಬೇಕಾಗಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಸರಿಸಮಾನ ಗಾಲಿಗಳ, ಚೈನಿನಿಂದ ಹಿಂದಿನ ಗಾಲಿ ತಿರುಗುವ ಸೈಕಲ್ಲನ್ನು ತಂದ. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರನ್ನು ಸೇರಿಸಿದ. ಅಲ್ಲಿಂದ ಇಂದಿನವರೆಗೆ ಮೂಲ ಆಕಾರ ಬದಲಾಗಿಲ್ಲ. ನಡೆಯುವವನು ಗಂಟೆಗೆ ಐದು ಕಿಲೋಮೀಟರು ಹೋಗುವ ಶ್ರಮದಲ್ಲಿ ಸೈಕಲ್ ಸವಾರ ಸಮತಟ್ಟಾದ ನೆಲದಲ್ಲಿ ಹದಿನೈದರಷ್ಟು ಹೋಗುತ್ತಾನೆ. ಆದರೆ ಅದಕ್ಕೊಬ್ಬ ಶತ್ರುವಿದ್ದಾನೆ. ಅವನೇ ಗಾಳಿ.

ಚಳಿಗಾಲದಲ್ಲಿ ನಮ್ಮ ಬಯಲುಸೀಮೆಯಲ್ಲಿ ಬೀಸುವುದು ಮೂಡಗಾಳಿ. ಧಾರವಾಡದಿಂದ ನವಲಗುಂದದತ್ತ ಹೊರಟವರಿಗೆ ಅದು ನೇರ ಎದೆಗೆ ಬಡಿಯುತ್ತದೆ. ಎರೆಭೂಮಿಯಲ್ಲಿ ಗಾಳಿಯನ್ನು ತಡೆಯುವ ಮರಗಳೂ ವಿರಳ. ಕಣ್ಣು ಹಾಯುವಷ್ಟು ದೂರ ಬಿಳಿಜೋಳ, ಕಡಲೆ, ಕುಸುಬೆ. ಅದರ ಮೇಲೆ ಆಕಾಶ. ವಿಜ್ಞಾನದ ಲೆಕ್ಕದಂತೆ ಗಾಳಿಯ ತಡೆ ವೇಗದ ವರ್ಗಕ್ಕನುಸಾರವಾಗಿ ಏರುತ್ತದೆ. ನಾವು ಗಂಟೆಗೆ ಹನ್ನೆರಡು ಕಿಲೋಮೀಟರು ಹೋಗುವಾಗ ಎದುರಿನಿಂದ ಅಷ್ಟೇ ವೇಗದ ಗಾಳಿ ಬಂದರೆ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಒಬ್ಬರು ಮುಂದೆ, ಇನ್ನೊಬ್ಬರು ಅವರ ಬೆನ್ನಿಗೇ ಹತ್ತಿರದಲ್ಲಿ ಹೋದರೆ ಹಿಂದಿನವರಿಗೆ ಶ್ರಮ ಎದ್ದುಕಾಣುವಷ್ಟು ಕಡಿಮೆ. ಆಕಾಶದಲ್ಲಿ ಹೆಬ್ಬಾತುಗಳು ಬಾಣದ ಮೊನೆಯ ಆಕಾರದಲ್ಲಿ ಹಾರುವುದರ ಗುಟ್ಟೂ ಒಬ್ಬರ ಶ್ರಮದಿಂದ ಇನ್ನೊಬ್ಬರಿಗೆ ಹಗುರಾಗುವುದೇ.

ಮೊದಲ ದಿನ ನವಲಗುಂದದವರೆಗಿನ ಸುಮಾರು ನಲವತ್ತು ಕಿಲೋಮೀಟರುಗಳಲ್ಲಿ ನಾನೇ ಮುಂದಿದ್ದೆ. ನವಲಗುಂದ ಜಮಖಾನೆಗಳಿಗೆ ಹೆಸರಾದ ಊರು. ಹೆಣ್ಣುಮಕ್ಕಳೇ ಮಗ್ಗದ ಮುಂದೆ ಕುಳಿತು ನೇಯುವ ಕಲೆ ಅದು. ಮಲಪ್ರಭಾ ನೀರಾವರಿಯ ಕರಭಾರದ ವಿರುದ್ಧ 1980ರ ಜುಲೈ 21ರಂದು ಇಲ್ಲಿಯೂ ನರಗುಂದದಲ್ಲಿಯೂ ಸಿಡಿದ ರೈತರ ಹೋರಾಟವನ್ನು ನಮ್ಮ ತಲೆಮಾರಿನವರು ಮರೆತಿಲ್ಲ. ಆ ರಾತ್ರಿ ನನ್ನ ಕಾಲುಗಳು ಕಟ್ಟಿಗೆಯಂತಾಗಿದ್ದವು. ಶ್ರೀಮತಿಯವರು ಕೊಬ್ಬರಿ ಎಣ್ಣೆಯ ಶೀಸೆಯನ್ನು ನನ್ನ ಮುಂದಿಟ್ಟು, "ನಾಳೆ ನಾ ಮುಂದ ಇರ್ತೀನಿ" ಎಂದರು. "ಗಾಳಿ ಬಾಳ ಐತಿ, ನಿನ್ನ ಮೊಣಕಾಲು?" ಎಂದೆ. "ಮೊಣಕಾಲು ನಂದು, ನಾ ನೋಡ್ಕೋತೀನಿ. ಒಂದು ಮೈಲಿಗಲ್ಲು ನಾ, ಒಂದು ಮೈಲಿಗಲ್ಲು ನೀವು" ಎಂದರು.

ಮರುದಿನ ನರಗುಂದಕ್ಕೆ ಇಪ್ಪತ್ತು ಕಿಲೋಮೀಟರು. ಅದರಂತೆಯೇ ನಡೆಯಿತು. ಒಂದು ಕಲ್ಲು ಬಂದೊಡನೆ ಮುಂದಿದ್ದವರು ಎಡಕ್ಕೆ ಸರಿದು ವೇಗ ತಗ್ಗಿಸುವುದು, ಹಿಂದಿದ್ದವರು ಮುಂದೆ ಬರುವುದು. ದೊಡ್ಡ ರಸ್ತೆಯಾದ್ದರಿಂದ ಲಾರಿಗಳ ಭಯವಿತ್ತು. ಬೆಳಕು ಹರಿದೊಡನೆ ಹೊರಟು ಬಿಸಿಲೇರುವ ಮುನ್ನ ನಿಲ್ಲುತ್ತಿದ್ದೆವು. ಇಬ್ಬರ ಹ್ಯಾಂಡಲಿಗೂ ಒಂದೊಂದು ಚಿಕ್ಕ ಕನ್ನಡಿ ಹಾಕಿಸಿದ್ದೆವು. ಮುಂದಿದ್ದವರಿಗೆ ಕನ್ನಡಿಯಲ್ಲಿ ಹಿಂದಿದ್ದವರ ಮುಖ ಕಾಣುತ್ತಿತ್ತು. ಮುಖ ಬಾಡಿದರೆ ನಿಧಾನಿಸಬೇಕು. ಬಾಯಿಬಿಟ್ಟು ಕೇಳುವ ಅಗತ್ಯವಿಲ್ಲ. ಅವರ ಸರದಿ ಬಂದಾಗ ನಾನು ಮೊದಲ ಬಾರಿಗೆ ಅವರ ಬೆನ್ನನ್ನು ನೋಡುತ್ತ ಸಾಗಿದೆ. ಗಾಳಿಗೆ ಅವರ ಓಢಣಿ ಪಟಪಟನೆ ಬಡಿಯುತ್ತಿತ್ತು. ನನ್ನ ಎದೆಗೆ ಗಾಳಿಯ ಏಟು ತಗ್ಗಿತ್ತು. ಇನ್ನೊಬ್ಬರು ನಮಗಾಗಿ ಗಾಳಿಯನ್ನು ತಾಳುತ್ತಿದ್ದಾರೆ ಎಂಬುದನ್ನು ಮೈಯೇ ತಿಳಿಸಿ ಹೇಳಿದ ಗಳಿಗೆ ಅದು. ನಿಂತ ಮನೆಯಲ್ಲಿ ಇದು ಇಷ್ಟು ಸ್ಪಷ್ಟವಾಗಿ ತಿಳಿಯುವುದಿಲ್ಲ. ಬೆಳಿಗ್ಗೆ ಐದಕ್ಕೆದ್ದು ಒಲೆ ಹೊತ್ತಿಸುವವರು ಯಾವ ಗಾಳಿಯನ್ನು ತಡೆಯುತ್ತಿದ್ದಾರೆಂಬುದು ಮಲಗಿದವರಿಗೆ ಕಾಣುವುದಿಲ್ಲ.

ನರಗುಂದದ ಸಮೀಪ ನನ್ನ ಹಿಂದಿನ ಗಾಲಿಗೆ ಜಾಲಿಮುಳ್ಳು ಚುಚ್ಚಿತು. ಊರಲ್ಲಿ ಮೋಟಾರ್ ಸೈಕಲ್ಲಿನ ಗ್ಯಾರೇಜುಗಳು ಹೆಜ್ಜೆಗೊಂದು. ಸೈಕಲ್ಲಿನ ಅಂಗಡಿಯನ್ನು ಹುಡುಕಬೇಕಾಯಿತು. ಕೊನೆಗೆ ಒಂದು ಓಣಿಯಲ್ಲಿ ವೃದ್ಧರೊಬ್ಬರು ಸಿಕ್ಕರು. ಟ್ಯೂಬಿಗೆ ಗಾಳಿ ತುಂಬಿ ನೀರಿನ ಬೋಗುಣಿಯಲ್ಲಿ ತಿರುಗಿಸಿ, ಗುಳ್ಳೆ ಎದ್ದಲ್ಲಿ ಹೆಬ್ಬೆರಳಿಟ್ಟು, ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಆರುವವರೆಗೆ ಬಾಯಿಂದ ಊದುತ್ತ ಕುಳಿತರು. ಹಿಂದೆ ಬಾಡಿಗೆ ಸೈಕಲ್ಲೇ ತಮ್ಮಲ್ಲಿ ಇಪ್ಪತ್ತಿದ್ದವೆಂದೂ ಈಗ ದಿನಕ್ಕೆರಡು ಪಂಕ್ಚರ್ ಬಂದರೆ ಹೆಚ್ಚೆಂದೂ ಹೇಳಿದರು. ಹಣ ಕೊಡಹೋದರೆ, "ಅಜ್ಜಾರ, ನೀವು ಅಜ್ಜೀನ್ನ ಕ್ಯಾರಿಯರ್ ಮ್ಯಾಲ ಕೂಡ್ಸದ ಬ್ಯಾರೆ ಸೈಕಲ್ ಕೊಡ್ಸೀರಿ, ಇವತ್ತಿನ ರೊಕ್ಕ ಬ್ಯಾಡ" ಎಂದರು. ಶ್ರೀಮತಿಯವರು ಥಟ್ಟನೆ, "ಅವ್ರು ಕೊಡ್ಸಿಲ್ರಿ ಯಜಮಾನ್ರ, ನನ್ನ ಉಳಿತಾಯದ ರೊಕ್ಕದಾಗ ನಾನ ತಗೊಂಡೀನಿ" ಎಂದು ತಿದ್ದಿದರು. ನಿಜವೇ. ಸ್ತ್ರೀಶಕ್ತಿ ಸಂಘದಲ್ಲಿ ಕೂಡಿಟ್ಟ ಹಣ ಅದು.

ಮೂರನೆಯ ದಿನ ಬಾದಾಮಿಗೆ ಸುಮಾರು ನಲವತ್ತೈದು ಕಿಲೋಮೀಟರು. ಕೊಣ್ಣೂರಿಗೆ ಮುಂಚೆ ರಸ್ತೆಬದಿಯ ಹೊಲದಲ್ಲಿ ರೈತ ದಂಪತಿಗಳು ಸೀತನಿ ಸುಡುತ್ತಿದ್ದರು. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು, ಶೇಂಗಾ ಹಿಂಡಿಯೊಡನೆ ಕೊಡುವ ಆ ರುಚಿಯನ್ನು ಬಲ್ಲವರೇ ಬಲ್ಲರು. ನಮ್ಮನ್ನು ಕಂಡು ಕರೆದರು. ಆ ತಾಯಿ ಬುತ್ತಿಯ ಗಂಟು ಬಿಚ್ಚಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಬಡಿಸಿದರು. ಆಮೇಲೆ ಶ್ರೀಮತಿಯವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಸ್ಸು ಸಿಗಲಿಲ್ಲೇನು ಯಕ್ಕಾ?" ಎಂದು ಕೇಳಿದರು.

"ಬಸ್ಸು ಬೇಕಾದಷ್ಟು ಅದಾವ ತಂಗಿ. ಹಿಂಗ ಬರಬೇಕಂತ ಬಂದೀವಿ."

"ಹಂಗಾದ್ರ ಮನ್ಯಾಗ ರೊಟ್ಟಿ ಯಾರು ಬಡ್ಯಾಕತ್ತಾರು?"

"ಯಾರೂ ಇಲ್ಲವ್ವಾ. ಒಲಿಗೂ ಆರು ದಿನ ಸೂಟಿ ಕೊಟ್ಟು ಬಂದೀವಿ."

"ಒಲಿಗೆ ಸೂಟಿ!" ಆ ತಾಯಿ ಸೆರಗು ಬಾಯಿಗೆ ಹಚ್ಚಿ ನಕ್ಕರು. ಬಹಳ ಹೊತ್ತು ನಕ್ಕರು. ನಗು ನಿಂತ ಮೇಲೆ ಕೆಂಡವನ್ನು ಕೆದರುತ್ತ, "ನಮಗ ಯಾರು ಕೊಡ್ತಾರ ಬಿಡ್ರಿ ಅದನ್ನ" ಎಂದರು. ಅವರ ಯಜಮಾನರು ತೆನೆ ಬಡಿಯುವುದನ್ನು ಒಂದು ಕ್ಷಣ ನಿಲ್ಲಿಸಿ ಮತ್ತೆ ಬಡಿಯತೊಡಗಿದರು. ನಾನು ಚೆಂಬಿನ ನೀರು ಕುಡಿದೆ. ಇಬ್ಬರು ಗಂಡಸರೂ ಮಾತಾಡಲಿಲ್ಲ.

ಕೊಣ್ಣೂರಿನ ಬಳಿ ಮಲಪ್ರಭೆಯನ್ನು ದಾಟಿದೆವು. ಮುಂದಿನ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಆ ತಾಯಿಯ ಮಾತು ಗಾಲಿಯಂತೆ ತಿರುಗುತ್ತಿತ್ತು. ಮಠದ ದಾಸೋಹದಲ್ಲಿ ಸಾವಿರಾರು ಜನರಿಗೆ ಅನ್ನ ಬೇಯಿಸುವವರು ಗಂಡಸರು. ಹಿಟ್ಟು ನಾದುವವರು, ಸಾರು ಕುದಿಸುವವರು, ಎಲೆ ಎತ್ತುವವರು ಗಂಡಸರು. ಅಲ್ಲಿ ಅದು ಸೇವೆ, ಕಾಯಕ, ಪುಣ್ಯ. ಮಠದಿಂದ ಹೊರಬಂದು ಸಂಸಾರ ಹೂಡಿದೊಡನೆ ಅದೇ ಒಲೆ, ಅದೇ ಸಾರು 'ಹೆಂಗಸರ ಕೆಲಸ'ವಾಗಿಬಿಡುತ್ತದೆ. ಬೆಂಕಿ ಬದಲಾಗಿಲ್ಲ, ಉಪ್ಪು ಬದಲಾಗಿಲ್ಲ. ಮಾಡುವವರ ಹೆಸರು ಬದಲಾಗಿದೆ, ಅದರೊಡನೆ ಕೆಲಸದ ಬೆಲೆಯೂ ಬದಲಾಗಿದೆ. ದಾಸೋಹದ ಮನೆಯಲ್ಲಿ ಗೌರವವುಳ್ಳ ಕೆಲಸ ಸ್ವಂತ ಮನೆಯಲ್ಲಿ ಲೆಕ್ಕಕ್ಕೆ ಬಾರದ ಕೆಲಸವಾಗುವುದಕ್ಕೆ ಯಾವ ಶಾಸ್ತ್ರದಲ್ಲಿ ಆಧಾರವಿದೆ? ಅರ್ಧ ಶತಮಾನದ ನನ್ನ ಅಧ್ಯಯನದಲ್ಲಿ ನನಗೆ ಸಿಕ್ಕಿಲ್ಲ.

ನಾಲ್ಕನೆಯ ದಿನ ಬಾದಾಮಿಯಲ್ಲಿ ವಿಶ್ರಾಂತಿ. ಮೊಣಕಾಲಿಗೆ ಒಂದು ದಿನ ಬಿಡುವು ಕೊಡಬೇಕೆಂದು ಮೊದಲೇ ನಿಶ್ಚಯಿಸಿದ್ದೆವು. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನವಿದೆ. ಮೆಟ್ಟಿಲುಗಳನ್ನು ಶ್ರೀಮತಿಯವರು ನಿಧಾನವಾಗಿ, ಆದರೆ ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ಮೂರು ತಿಂಗಳ ಹಿಂದೆ ಮನೆಯ ಮಾಳಿಗೆಗೆ ಹೋಗಲೂ ಗೋಡೆ ಹಿಡಿಯುತ್ತಿದ್ದವರು ಅವರು. ಮೇಲೆ ನಿಂತು ಅಗಸ್ತ್ಯತೀರ್ಥದ ನೀರನ್ನು ನೋಡುತ್ತ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಐದನೆಯ ದಿನ ಪಟ್ಟದಕಲ್ಲು. ಬಾದಾಮಿಯಿಂದ ಸುಮಾರು 22 ಕಿಲೋಮೀಟರು. ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಅದು 1987ರಲ್ಲಿ ಸೇರಿತು. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅಲ್ಲಿಯ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಅದರ ನೆರೆಯ ಮಲ್ಲಿಕಾರ್ಜುನ ದೇವಾಲಯವನ್ನು ಕಟ್ಟಿಸಿದವಳು ಅವಳ ತಂಗಿ, ರಾಣಿ ತ್ರೈಲೋಕ್ಯಮಹಾದೇವಿ. ಎಂಟನೆಯ ಶತಮಾನದ ಮಾತಿದು. ವಿಜಯ ರಾಜನದು, ಅದನ್ನು ಕಲ್ಲಿನಲ್ಲಿ ನಿಲ್ಲಿಸಿದ ಕೈ ರಾಣಿಯದು. ಲೋಕಮಹಾದೇವಿಯ ಹೆಸರಿನಿಂದ ಆ ದೇವಾಲಯಕ್ಕೆ ಮೊದಲು ಲೋಕೇಶ್ವರವೆಂದೇ ಹೆಸರಿತ್ತು. ಮಲಪ್ರಭೆ ಅಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಆ ದಡದಲ್ಲಿ ಬುತ್ತಿ ಉಂಡು ಸಂಜೆಗೆ ಐಹೊಳೆ ಸೇರಿದೆವು. ಪುಲಕೇಶಿಯ ಆಸ್ಥಾನಕವಿ ರವಿಕೀರ್ತಿಯ 634ರ ಶಾಸನವಿರುವ ಮೇಗುಟಿಯ ಗುಡ್ಡವನ್ನು ಮರುದಿನ ಮುಂಜಾವಿನ ಬೆಳಕಿನಲ್ಲಿ ಕೆಳಗಿನಿಂದಲೇ ನೋಡಿ ಹೊರಟೆವು.

ಆರನೆಯ ದಿನ ಅಮೀನಗಡದ ಮಾರ್ಗ. ಅಲ್ಲಿಯ ಕರದಂಟನ್ನು ಕೊಳ್ಳದೆ ಮುಂದೆ ಹೋದರೆ ಬೀಗರು ಕ್ಷಮಿಸುವುದಿಲ್ಲ. ಕೊನೆಯ ಹತ್ತು ಕಿಲೋಮೀಟರುಗಳಲ್ಲಿ ಗಾಳಿ ಮತ್ತೆ ಜೋರಾಯಿತು. ಕಲ್ಲಿನಿಂದ ಕಲ್ಲಿಗೆ ಸರದಿ ಬದಲಿಸುತ್ತ ಬಂದವರು ಊರ ಹತ್ತಿರ ಬರುವಾಗ ಯಾರು ಮುಂದಿದ್ದರೆಂಬುದು ಈಗ ನೆನಪಿಲ್ಲ. ಕನಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ 304 ಕಿಲೋಮೀಟರು ಹರಿದು ಇಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ, ಬಾವಿಯಂಥ ಗೋಡೆಯೊಳಗೆ ಕಾಪಾಡಿರುವ ಬಸವಣ್ಣನವರ ಐಕ್ಯಮಂಟಪದ ದರ್ಶನ ಮಾಡಿ ದಡದಲ್ಲಿ ಕುಳಿತೆವು. ಸಂಗಮದ ನೀರನ್ನು ನೋಡಿದಾಗ ಇದು ಮಲಪ್ರಭೆ, ಇದು ಕೃಷ್ಣೆ ಎಂದು ಬೇರ್ಪಡಿಸಿ ಹೇಳಲಾಗದು. ಸಂಸಾರಕ್ಕೆ ಇದನ್ನು ಹೋಲಿಸುವ ರೂಢಿಯಿದೆ. ನನಗೆ ಆ ಹೋಲಿಕೆ ಪೂರ್ಣವೆನಿಸಲಿಲ್ಲ. ಕೂಡಿದ ಮೇಲೆ ಒಂದು ನದಿಯ ಹೆಸರಷ್ಟೇ ಉಳಿಯುತ್ತದೆ. ಎರಡು ಸೈಕಲ್ಲುಗಳ ಪಯಣ ಹಾಗಲ್ಲ. ಅಲ್ಲಿ ಇಬ್ಬರ ಸಮತೋಲ ಇಬ್ಬರದೇ. ದಾರಿ ಒಂದು, ಗಾಳಿ ಒಂದು, ಅದನ್ನು ಎದುರಿಸುವ ಸರದಿ ಮಾತ್ರ ಹಂಚಿಕೊಂಡದ್ದು.

ಊರಿಗೆ ಮರಳಿದ ಮೇಲೆ ನಮ್ಮ ಅಡುಗೆಮನೆಯ ಬಾಗಿಲಿನ ಹಿಂದೆ ಒಂದು ಹಲಗೆ ಬಂದಿದೆ. ಪ್ರಸಾದನಿಲಯದ್ದರಂತೆಯೇ ಸೀಮೆಸುಣ್ಣದ ಹಲಗೆ. ವಾರದಲ್ಲಿ ಮೂರು ದಿನ ನನ್ನ ಹೆಸರು, ಮೂರು ದಿನ ಅವರ ಹೆಸರು; ಒಂದು ದಿನ ಒಲೆಗೆ ಸೂಟಿ. ಆ ದಿನ ಖಾನಾವಳಿಯ ಊಟ, ಇಲ್ಲವೆ ಅವಲಕ್ಕಿ ಮೊಸರು. ಮಠದಲ್ಲಿ ಕಲಿತ ಬೇಳೆಸಾರು ನನ್ನ ಕೈಯಲ್ಲಿ ಇನ್ನೂ ಉಳಿದಿದೆ. ರೊಟ್ಟಿ ಮಾತ್ರ ದುಂಡಗೆ ಬರುತ್ತಿಲ್ಲ. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನಾನು ಪೇಚಾಡಿದಾಗ ಶ್ರೀಮತಿಯವರು, "ಉಪ್ಪು ಹೆಚ್ಚಾದ್ರ ಆಗಲಿ ಬಿಡ್ರಿ, ಸರದಿ ತಪ್ಪಬಾರದು" ಎಂದರು.

ನಿವೃತ್ತಿಯ ಹೊಸ್ತಿಲಲ್ಲಿರುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಎಲ್ಲರೂ ಸೈಕಲ್ ತುಳಿಯಬೇಕೆಂದಿಲ್ಲ. ಹೃದಯದ ತೊಂದರೆ, ತಲೆಸುತ್ತು ಇರುವವರು ವೈದ್ಯರನ್ನು ಕೇಳದೆ ಹೊರಡಲೂಬಾರದು. ಆದರೆ ಮುಪ್ಪಿನಲ್ಲಿ ದಂಪತಿಗಳಿಗೆ ಇಬ್ಬರೂ ಕೈಹಚ್ಚುವ ಒಂದು ಕೆಲಸ ಬೇಕು. ಅದು ತೋಟವಾಗಬಹುದು, ಓಣಿಯ ಮಕ್ಕಳಿಗೆ ಪಾಠವಾಗಬಹುದು, ನಾಲ್ಕು ಊರುಗಳ ಪಯಣವಾಗಬಹುದು. ಅದರಲ್ಲಿ ಒಬ್ಬರು ಯಾವಾಗಲೂ ಮುಂದೆ, ಇನ್ನೊಬ್ಬರು ಯಾವಾಗಲೂ ಹಿಂದೆ ಆಗಬಾರದು. ಮಕ್ಕಳಿಗೊಂದು ಮಾತು: ತಂದೆಯ ನಿವೃತ್ತಿಯ ದಿನ ಶಾಲು ಹೊದಿಸುವಾಗ, ತಾಯಿಗೆ ಯಾವ ದಿನದಿಂದ ನಿವೃತ್ತಿ ಎಂದು ಆ ವೇದಿಕೆಯ ಮೇಲೆಯೇ ಕೇಳಿರಿ. ಉತ್ತರ ಹೇಳಬೇಕಾದವರು ಅಲ್ಲಿಯೇ ಹಾರ ಹಾಕಿಸಿಕೊಂಡು ಕುಳಿತಿರುತ್ತಾರೆ.